ಅಣ್ಣ ಹದಿನೇಳು, ತಮ್ಮ ಹದಿನೇಳು

“ತಮ್ಮನ ದೀಪನೂ ಕೀಳ್ತೀರಾ ಕಂಬದಣ್ಣ?” ಎಂದು ಬೇಕರಿಯವನು ಕೆಳಗಿನಿಂದ ಕೂಗಿದಾಗ ಕಂಬದಣ್ಣನ ಒಂದು ಕಾಲು ಏಣಿಯ ಮೇಲಿತ್ತು, ಇನ್ನೊಂದು ನೆಲದ ಮೇಲೆ. ಅಣ್ಣ ಹದಿನೇಳರ ಫ್ಯೂಸು ಆಗಲೇ ಅವನ ಹೆಗಲ ಚೀಲ ಸೇರಿತ್ತು. ಈಗ ಏಣಿ ಒರಗಿದ್ದು ತಮ್ಮ ಹದಿನೇಳಕ್ಕೆ.

“ಬೆಸ ನಂಬರು ಎಲ್ಲಾ ಆರಿಸಬೇಕು ಅಂತ ಆರ್ಡರು. ಹದಿನೇಳು ಬೆಸವೋ ಸಮವೋ ನೀವೇ ಹೇಳಿ.”

“ಬೆಸಾನೇ. ಆದ್ರೆ ನಮ್ಮದು ಹದಿನೆಂಟು. ಸಮ!” ಬೇಕರಿಯವನು ಆ ‘ಸಮ’ವನ್ನು ತಾನೇ ಓದಿ ಪಾಸು ಮಾಡಿದ ಪರೀಕ್ಷೆಯ ಹಾಗೆ ಹೇಳಿ, ಬನ್ನಿನ ತಟ್ಟೆ ಎತ್ತಿಕೊಂಡು ಒಳಗೆ ಹೋದ.

ಕರೆಂಟು ಉಳಿಸುವುದಕ್ಕಾಗಿ ಊರಿನ ಎಲ್ಲ ಬೀದಿಗಳಲ್ಲೂ ಅರ್ಧದಷ್ಟು ದೀಪ ಆರಿಸಬೇಕೆಂದು ತೀರ್ಮಾನವಾಗಿತ್ತು. ಯಾವುದನ್ನು ಆರಿಸುವುದು, ಯಾವುದನ್ನು ಬಿಡುವುದು ಎಂದು ಜನರನ್ನು ಕೇಳಲು ಹೋದರೆ ತಲೆಗಳು ಒಡೆಯುತ್ತವೆ ಎಂಬುದು ಕಚೇರಿಯವರಿಗೆ ಗೊತ್ತಿತ್ತು. ಆದ್ದರಿಂದ ಕಂಬದ ನಂಬರು ಬೆಸವಾದರೆ ಕತ್ತಲೆ, ಸಮವಾದರೆ ಬೆಳಕು ಎಂದು ನಿಯಮ ಮಾಡಿ ಕೈ ತೊಳೆದುಕೊಂಡಿದ್ದರು. ಈ ಬೀದಿಯಲ್ಲಿ ಹದಿನೇಳು ಎರಡಿವೆ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಬೀದಿಗೆ ಗೊತ್ತಿತ್ತು, ಮೂವತ್ತೊಂದು ವರ್ಷದಿಂದ. ಮೇಲಿನದು ಅಣ್ಣ ಹದಿನೇಳು, ಕೆಳಗಿನದು ತಮ್ಮ ಹದಿನೇಳು. ಎರಡರ ನಡುವೆ ಒಂಬತ್ತು ಕಲ್ಲಿನ ಮೆಟ್ಟಿಲು, ಏಕೆಂದರೆ ಇಳಿಜಾರಿನ ಆ ಬೀದಿ ಅಲ್ಲಿ ಇದ್ದಕ್ಕಿದ್ದಂತೆ ಕೆಳಗೆ ಧುಮುಕುತ್ತದೆ. ಬಾಡಿಗೆ ಮನೆ ಹುಡುಕಿಕೊಂಡು ಬಂದವರಿಗೆ “ಅಣ್ಣನ ಹತ್ತಿರ ತಿರುಗಬೇಡಿ, ತಮ್ಮನ ಹತ್ತಿರ ತಿರುಗಿ” ಎಂದು ಹೇಳಿ, ಅವರು ಕಣ್ಣು ಕಣ್ಣು ಬಿಡುವುದನ್ನು ನೋಡಿ ನಗುವುದು ಅಲ್ಲಿನವರಿಗೆ ರೂಢಿ. ಹೊಸ ಪೋಸ್ಟ್‌ಮ್ಯಾನುಗಳು ಮೊದಲ ತಿಂಗಳು ಬೆವರುತ್ತಿದ್ದರು. ಇದು ಯಾರ ತಪ್ಪು ಎಂದು ಯಾರೂ ಕೇಳಿರಲಿಲ್ಲ. ತಪ್ಪು ಮಾಡಿದವನು ಬಾಯಿಗೆ ಬೀಗ ಹಾಕಿಕೊಂಡು ಅದೇ ಬೀದಿಯ ಅಳಿಯನಾಗಿದ್ದ, ಅದೇ ಮೆಟ್ಟಿಲ ಬುಡದ ಮನೆಯಲ್ಲಿ ವಾಸವಾಗಿದ್ದ, ಇವತ್ತು ಅದೇ ಕಂಬಕ್ಕೆ ಏಣಿ ಹಾಕಿ ನಿಂತಿದ್ದ.

ಅವನು ಫ್ಯೂಸು ಕಿತ್ತು ಕೆಳಗಿಳಿದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು.

“ಊರಿನ ದೀಪ ಆರಿಸೋಕೆ ಹೋಗಿ ನಮ್ಮ ಮನೆ ಮುಂದಿನದನ್ನೇ ಆರಿಸಿಬಿಟ್ರಲ್ಲ ಅಳಿಯಂದ್ರೆ.”

“ರೂಲ್ಸು ಅತ್ತೆ. ಎಲ್ಲರಿಗೂ ಒಂದೇ.”

“ಬೇಕರಿಯವನಿಗೆ ಬೇರೆ ರೂಲ್ಸು ಇದ್ದ ಹಾಗಿದೆ,” ಎಂದು ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಐದು ಗಂಟೆಗೆ ಅವರು ಹೊರಟರೆಂದರೆ ಬೀದಿಯವರು ಗಡಿಯಾರ ಸರಿಮಾಡಿಕೊಳ್ಳಬಹುದಿತ್ತು. ಬೀದಿಯ ಮೇಲ್ತುದಿಯಲ್ಲಿ ಒಂದು ವಾಚನಾಲಯ. ಅದರ ಹಿಂದಿನ ಕೋಣೆಯಲ್ಲಿ ನಾಲ್ಕು ಜನ ಮುದುಕಿಯರು ಸೇರಿ ಇಸ್ಪೀಟು ಆಡುತ್ತಿದ್ದರು. ಆಟಕ್ಕಿಂತ ಜಗಳವೇ ಹೆಚ್ಚು. ಏಳಕ್ಕೆ ಸರಿಯಾಗಿ ಆ ಒಂಬತ್ತು ಮೆಟ್ಟಿಲಿಳಿದು ಅತ್ತೆ ಮನೆಗೆ ಬರುತ್ತಿದ್ದರು, ಗೆದ್ದಿದ್ದರೆ ಗುನುಗುತ್ತ, ಸೋತಿದ್ದರೆ ಎದುರಾಳಿಯ ಮೋಸವನ್ನು ವರ್ಣಿಸುತ್ತ. ಮೂರು ವರ್ಷದ ಹಿಂದೆ ಮಗಳು ತೀರಿಕೊಂಡಾಗ ಅವರು ಒಂದು ವರ್ಷ ‘ಹೂಂ’, ‘ಉಹೂಂ’ ಬಿಟ್ಟು ಬೇರೆ ಮಾತಾಡಿರಲಿಲ್ಲ. ಮಕ್ಕಳಿಲ್ಲದ ಆ ಮನೆಯಲ್ಲಿ ಉಳಿದದ್ದು ಅತ್ತೆ, ಅಳಿಯ ಇಬ್ಬರೇ. ಒಬ್ಬರಿಗೊಬ್ಬರು ತಟ್ಟೆ ಸರಿಸುವ ಸದ್ದಷ್ಟೇ ಕೇಳುತ್ತಿತ್ತು. ಅವರ ಮಾತನ್ನು ವಾಪಸು ತಂದದ್ದು ಆ ಇಸ್ಪೀಟು. ಕಂಬದಣ್ಣನಿಗೆ ಎಲೆಗಳ ಹೆಸರೂ ತಿಳಿಯದು, ಆದರೂ ಆ ಆಟದ ಬಗ್ಗೆ ಅವನಿಗೆ ಋಣದ ಭಾವನೆಯಿತ್ತು.

ಅರ್ಧ ದೀಪದ ಬೀದಿ ಮೊದಲ ಎರಡು ಸಂಜೆ ಚೆನ್ನಾಗಿಯೇ ಕಂಡಿತು. ಅವನ ಚಿಕ್ಕಂದಿನ ಬೀದಿಗಳು ಹೀಗೇ ಇದ್ದವು: ಎದುರು ಬಂದವರನ್ನು ಕೆಮ್ಮಿನಿಂದ, ಚಪ್ಪಲಿಯ ಸದ್ದಿನಿಂದ ಗುರುತಿಸುವುದು, ಬೆಳಕಿನ ಕೆಳಗೆ ಬಂದಾಗ “ಓ ನೀವಾ!” ಎನ್ನುವುದು, ಮತ್ತೆ ಕತ್ತಲಲ್ಲಿ ಇಬ್ಬರೂ ಮಾಯವಾಗುವುದು. ಜನ ಬಾಗಿಲ ಹೊರಗೆ ಬಂದು ಕುಳಿತರು. ಟೈಲರು ತನ್ನ ಹಳೆಯ ಲಾಟೀನನ್ನು ಒರೆಸಿ ಹೊರಗಿಟ್ಟ. ಹಿಂದಿನ ಕಾಲವೇ ಸಂಜೆ ಹೊತ್ತು ಒಂದು ಸುತ್ತು ಹಾಕಿ ಹೋದಂತಿತ್ತು.

ಆದರೆ ಎಲ್ಲ ಕಡೆ ಒಂದು ಕತ್ತಲೆಯ ನಂತರ ಒಂದು ಬೆಳಕು ಬಂದರೆ, ಮೆಟ್ಟಿಲ ಹತ್ತಿರ ಕತ್ತಲೆಯ ನಂತರ ಮತ್ತೂ ಕತ್ತಲೆ. ಹದಿನಾರು ದಾಟಿದರೆ ಹದಿನೆಂಟರವರೆಗೆ ಕಣ್ಣಿಗೆ ಏನೂ ದಕ್ಕುತ್ತಿರಲಿಲ್ಲ. ಗುರುವಾರ ಸಂಜೆ ಅತ್ತೆ ಬಲಗೈಯನ್ನು ಎದೆಗೆ ಒತ್ತಿಕೊಂಡು ಮನೆಗೆ ಬಂದರು. ಮಣಿಕಟ್ಟು ಊದಿತ್ತು.

“ವಾಚನಾಲಯದ ಬಾಗಿಲು ತಗುಲಿತು,” ಎಂದರು.

ಬಾಗಿಲು ತಗುಲಿದರೆ ಮೊಣಕಾಲಿಗೆ ಮಣ್ಣಾಗುವುದಿಲ್ಲ. ಅವನು ನೀರು ಕಾಸಿ ಕೊಟ್ಟ, ಪಟ್ಟಿ ಸುತ್ತಿದ. ಮರುದಿನ ಬೆಳಿಗ್ಗೆ ಟೈಲರು ಬೀದಿಯಲ್ಲಿ ಸಿಕ್ಕಿ, “ಆರನೇ ಮೆಟ್ಟಿಲು ತಪ್ಪಿತು ಪಾಪ. ನಾನೇ ಎತ್ತಿ ಕೂರಿಸಿದೆ. ಅಳಿಯನಿಗೆ ಹೇಳಬೇಡಿ, ತಾನೇ ಬೀಳಿಸಿದ ಹಾಗೆ ಕೊರಗ್ತಾನೆ ಅಂದ್ರು,” ಎಂದ.

ಕೊರಗಲು ಬೇರೆ ಕಾರಣ ಬೇಕಿರಲಿಲ್ಲ. ಬೀಳಿಸಿದ್ದು ಅವನೇ. ಆರಿಸಿದ ಫ್ಯೂಸಿನಿಂದಲ್ಲ, ಮೂವತ್ತೊಂದು ವರ್ಷದ ಹಿಂದೆ ಬರೆದ ಒಂದು ಏಳಿನಿಂದ.

ಆ ದಿನ ಅವನಿಗೆ ಕಣ್ಣಿಗೆ ಕಟ್ಟಿದಂತಿದೆ. ಕೆಲಸಕ್ಕೆ ಸೇರಿ ಇಪ್ಪತ್ತು ದಿನವಾಗಿತ್ತು. ಒಂದು ಕೈಯಲ್ಲಿ ಹಳದಿ ಬಣ್ಣದ ಡಬ್ಬಿ, ಇನ್ನೊಂದು ಕೈಯಲ್ಲಿ ಕಪ್ಪು. ಕಂಬಕ್ಕೆ ಎದೆಯೆತ್ತರದಲ್ಲಿ ಹಳದಿ ಪಟ್ಟಿ ಬಳಿಯುವುದು, ಅದು ಆರುವಷ್ಟರಲ್ಲಿ ಮುಂದಿನ ಕಂಬಕ್ಕೂ ಪಟ್ಟಿ ಬಳಿದು ಬರುವುದು, ಆಮೇಲೆ ಕಪ್ಪಿನಲ್ಲಿ ನಂಬರು. ಹದಿನೇಳು ಬರೆದು ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದಾಗ ಮೆಟ್ಟಿಲ ಮೇಲೆ ಕುಳಿತು ಹರಿದ ಕೊಡೆಗೆ ಹೊಲಿಗೆ ಹಾಕುತ್ತಿದ್ದ ಹುಡುಗಿ ತಲೆಯೆತ್ತಿದಳು.

“ನಿಮ್ಮ ಏಳಿಗೆ ಸೊಂಟ ನೋವೇನ್ರೀ? ಹಾಗೆ ಬಾಗಿದೆ!”

“ಕಂಬ ಬಾಗಿದೆ,” ಎಂದ ಅವನು.

“ಕಂಬ ನೆಟ್ಟಗಿದೆ. ಬಾಗಿರೋದು ಏಳು.”

ನೋಡಿದರೆ ಹೌದು. ಅವನ ಕಿವಿ ಬಿಸಿಯಾಯಿತು. ತೋರಿಸುತ್ತೇನೆ ಇವಳಿಗೆ, ಎಂದುಕೊಂಡು ಮೆಟ್ಟಿಲಿಳಿದು ಮುಂದಿನ ಕಂಬದ ಮುಂದೆ ನಿಂತ. ಬ್ರಷ್ಷಿನ ಕೂದಲನ್ನು ಬೆರಳಲ್ಲೇ ತಿದ್ದಿ, ಬಲಗೈಯನ್ನು ಎಡಗೈ ಮೇಲೆ ಊರಿ, ಉಸಿರು ಬಿಗಿಹಿಡಿದು ಬರೆದ. ಅಷ್ಟು ಚೆಂದದ ಏಳನ್ನು ಅವನು ಅದಕ್ಕೂ ಮೊದಲು ಬರೆದಿರಲಿಲ್ಲ, ಆಮೇಲೂ ಬರೆಯಲಿಲ್ಲ. ತಿರುಗಿ ನೋಡಿದರೆ ಹುಡುಗಿ ಕೊಡೆಯನ್ನು ಪಕ್ಕಕ್ಕಿಟ್ಟು ತಲೆ ಓರೆಮಾಡಿ ನೋಡುತ್ತಿದ್ದಳು. “ಹಾಂ, ಇದು ಏಳು!” ಎಂದಳು. ಅವನು ಗಾಳಿಯಲ್ಲಿ ತೇಲುತ್ತ ಹೋಗಿ ಮುಂದಿನದಕ್ಕೆ ಹದಿನೆಂಟು ಬರೆದ, ಅದರ ಮುಂದಿನದಕ್ಕೆ ಹತ್ತೊಂಬತ್ತು.

ಬೀದಿಯ ಕೊನೆಯ ಕಂಬಕ್ಕೆ ಮೂವತ್ತು ಎಂದು ಬರೆದು ಜೇಬಿನ ಚೀಟಿ ನೋಡಿಕೊಂಡ. ಚೀಟಿಯಲ್ಲಿ ಮೂವತ್ತೊಂದು ಕಂಬ ಎಂದಿತ್ತು. ಬಣ್ಣ ಮುಗಿದಿತ್ತು, ಹೊಸ ಕೆಲಸ, ಸಿಡುಕಿನ ಮೇಸ್ತ್ರಿ. “ಎಷ್ಟಯ್ಯಾ?” ಎಂದು ಮೇಸ್ತ್ರಿ ಕೇಳಿದಾಗ “ಮೂವತ್ತು” ಎಂದುಬಿಟ್ಟ. ರಿಜಿಸ್ಟರಿನಲ್ಲಿ ಮೂವತ್ತೇ ಆಯಿತು. ತಿದ್ದಬಹುದಿತ್ತು, ಮುಂದಿನ ವಾರ, ಮುಂದಿನ ವರ್ಷ. ಆದರೆ ತಿದ್ದಬೇಕಾದರೆ ಮೊದಲು ಆ ಏಳನ್ನು ಅಳಿಸಬೇಕಿತ್ತು.

ನಂಬರು ಬರೆದ ಹನ್ನೊಂದನೆಯ ದಿನ ಕಚೇರಿಗೆ ದೂರು ಬಂತು: ಹದಿನೇಳನೇ ಕಂಬದ ದೀಪ ಉರಿಯುತ್ತಿಲ್ಲ. ಹೋಗಿ ನೋಡಿದರೆ ಮೇಲಿನದೂ ಉರಿಯುತ್ತಿತ್ತು, ಕೆಳಗಿನದೂ ಉರಿಯುತ್ತಿತ್ತು. “ನಿನ್ನೆ ಉರೀತಿರಲಿಲ್ಲ,” ಎಂದಳು ಬಾಗಿಲಲ್ಲಿ ನಿಂತಿದ್ದ ಅದೇ ಹುಡುಗಿ. ಆ ತಿಂಗಳು ಅದೇ ದೂರು ಮೂರು ಸಲ ಬಂತು. ನಾಲ್ಕನೇ ಸಲ ದೂರಿಲ್ಲದೆಯೇ ಅವನು ಹೋದ.

ಮದುವೆಯಾದ ಮೇಲೆ ಅವಳು ಒಮ್ಮೆ ಕೇಳಿದ್ದಳು, ಅದ್ಯಾಕೆ ಎರಡು ಹದಿನೇಳು ಅಂತ. “ಆಫೀಸಿನವರು ಕೊಟ್ಟ ಪಟ್ಟಿಯಲ್ಲೇ ತಪ್ಪಿತ್ತು,” ಎಂದಿದ್ದ. “ಹೌದಾ, ಪಾಪ,” ಎಂದು ಅವಳು ಮಗ್ಗುಲು ಬದಲಿಸಿದ್ದಳು.

ಶುಕ್ರವಾರ ಐದಾಯಿತು, ಅತ್ತೆ ಎದ್ದೇಳಲಿಲ್ಲ.

“ಇಸ್ಪೀಟಿಗೆ ಹೋಗಲ್ವಾ?”

“ಬೇಜಾರಾಗಿದೆ ಅದು. ಎಷ್ಟು ವರ್ಷ ಅದನ್ನೇ ಆಡೋದು?”

ಶನಿವಾರವೂ ಹೋಗಲಿಲ್ಲ. ಭಾನುವಾರ ಅವನು ಮಾರುಕಟ್ಟೆಯಿಂದ ಬಂದಾಗ ಅವರು ಮಂಚದ ಮೇಲೆ ಎಡಗೈಯಿಂದ ಎಲೆ ಹಂಚುತ್ತಿದ್ದರು. ನಾಲ್ಕು ಪಾಲು ಹಂಚಿ, ಒಂದೊಂದು ಪಾಲಿನ ಮುಂದೆಯೂ ಸರಿದು ಕುಳಿತು, ಒಂದೊಂದು ಎಲೆ ಇಳಿಸುತ್ತಿದ್ದರು. ಜಗಳವಾಡಲು ಎದುರಿಗೆ ಯಾರೂ ಇರಲಿಲ್ಲ. ಮತ್ತೆ ಆ ‘ಹೂಂ’, ‘ಉಹೂಂ’ಗಳ ವರ್ಷ ಮನೆಯೊಳಗೆ ಕಾಲಿಡುವುದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ.

ತರಕಾರಿ ಚೀಲ ಕೆಳಗಿಟ್ಟು ಅವನು ಹೇಳಿದ: “ಅತ್ತೆ, ಆ ಕೆಳಗಿನ ಹದಿನೇಳನ್ನ ಹದಿನೆಂಟು ಮಾಡಿಬಿಡ್ತೀನಿ. ಆಗ ಸಮ ಆಗತ್ತೆ. ದೀಪ ಉರಿಯತ್ತೆ.”

ಎಲೆ ಹಿಡಿದ ಕೈ ನಿಂತಿತು. “ಬೇಡ.”

“ಯಾಕೆ ಬೇಡ? ತಪ್ಪು ನಂದೇ ಅತ್ತೆ. ಪಟ್ಟಿಯಲ್ಲಿ ತಪ್ಪಿರಲಿಲ್ಲ. ನಾನೇ…”

“ಗೊತ್ತು.”

“ಏನು ಗೊತ್ತು?”

“ಎಲ್ಲಾ ಗೊತ್ತು,” ಎಂದರು ಅತ್ತೆ. “ಅವತ್ತು ಅವಳು ಕೊಡೆ ಅಲ್ಲೇ ಬಿಟ್ಟು ಒಳಗೆ ಓಡಿ ಬಂದಳು. ಹೊಟ್ಟೆ ಹಿಡ್ಕೊಂಡು ನಗ್ತಾ ಇದ್ದಳು. ‘ಅಮ್ಮಾ, ಅವನು ನನಗೆ ತೋರಿಸೋಕೆ ಹೋಗಿ ಮತ್ತೆ ಹದಿನೇಳೇ ಬರೆದ’ ಅಂದಳು. ‘ಹೇಳಬಾರದಾ ಪಾಪ’ ಅಂದೆ. ‘ಹೇಳಲ್ಲ. ತಿದ್ದೋಕೆ ಬರ್ತಾನಲ್ಲ, ಬರಲಿ’ ಅಂದಳು. ಹತ್ತು ದಿನ ಕಿಟಕೀಲೇ ಕೂತಿದ್ದಳು. ನೀವು ಬರಲಿಲ್ಲ. ಆಮೇಲೆ ಶುರುವಾಯ್ತು ದೂರು ಬರೆಯೋದು. ಆ ಮೂರೂ ಕಾಗದ ಬರೆದುಕೊಟ್ಟಿದ್ದು ನಾನೇ. ಅವಳ ಅಕ್ಷರ ಚೆನ್ನಾಗಿರಲಿಲ್ಲ.”

ಕಂಬದಣ್ಣ ಮಂಚದ ತುದಿಯಲ್ಲಿ ಕುಳಿತ. ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು, ಇಪ್ಪತ್ತೇಳು ವರ್ಷ ಒಂದೇ ಸೂರಿನ ಕೆಳಗಿದ್ದು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಳಲ್ಲ ಎಂದು. ‘ಹೌದಾ, ಪಾಪ’ ಎಂದು ಮಗ್ಗುಲು ಬದಲಿಸಿದ್ದು ನಗು ಮುಚ್ಚಿಕೊಳ್ಳಲು! ಕೊನೆಗೆ ಎರಡೂ ಹೋಗಿ, ಅವಳು ಇಲ್ಲ ಎಂಬುದು ಮೂರು ವರ್ಷದ ಹಿಂದಿನಷ್ಟೇ ಹೊಸದಾಗಿ ಬಂದು ಎದೆಯ ಮೇಲೆ ಕುಳಿತಿತು. ಅವನು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ.

“ಫೋಟೋ ಇದೆ, ಸೀರೆ ಇದೆ. ಅದೆಲ್ಲಾ ಎಲ್ಲರ ಮನೇಲೂ ಇರತ್ತೆ,” ಎಂದರು ಅತ್ತೆ ಎಲೆಗಳನ್ನು ಒಟ್ಟುಮಾಡುತ್ತ. “ಅದೊಂದು ಏಳು ಅವಳದು. ಬಾಗಿಲು ತೆಗೆದರೆ ಕಾಣತ್ತೆ. ಅಳಿಸಬೇಡಿ. ನಾನು ಹಗಲು ಹೊತ್ತು ಓಡಾಡ್ತೀನಿ.”

“ಹಗಲು ಹೊತ್ತು ಆ ಮೂವರು ಬರ್ತಾರಾ?”

ಅವರು ಎಲೆಗಳನ್ನು ದಿಂಬಿನ ಕೆಳಗೆ ಸರಿಸಿದರು.

ಆ ರಾತ್ರಿ ಅವನು ಸರಿಯಾಗಿ ಉಣ್ಣಲಿಲ್ಲ. ಅವರು ಹೇಳಿದ್ದು ಸುಳ್ಳಲ್ಲ. ಬಾಗಿಲು ತೆಗೆದಾಗಲೆಲ್ಲ ಅವನ ಕಣ್ಣೂ ಮೊದಲು ಹೋಗುತ್ತಿದ್ದುದು ಅಲ್ಲಿಗೇ. ಬಣ್ಣ ಮಾಸಿದಾಗಲೆಲ್ಲ ಅದೇ ಗೆರೆಯ ಮೇಲೆ ಗೆರೆ ಎಳೆದು, ಒಂದು ಕೂದಲಿನಷ್ಟೂ ಆಚೀಚೆ ಹೋಗದಂತೆ ಕಾಪಾಡಿಕೊಂಡು ಬಂದಿದ್ದ. ಆದರೆ ಅದೇ ಏಳಿನ ಕೆಳಗೆ ಅವಳ ತಾಯಿ ಮಣ್ಣು ಮೆತ್ತಿಕೊಂಡು ಕುಳಿತಿದ್ದರು, ಅವನಿಗೆ ಗೊತ್ತಾಗಬಾರದೆಂದು ಬೇಡಿಕೊಳ್ಳುತ್ತ.

ಸೋಮವಾರ ಕಚೇರಿಗೆ ಹೋಗಿ ಎಂಜಿನಿಯರಮ್ಮನ ಮುಂದೆ ನಿಂತ. ಮಗಳಾಗಬಹುದಾದ ವಯಸ್ಸಿನ ಹುಡುಗಿ, ಕೆಲಸದಲ್ಲಿ ಕಟ್ಟುನಿಟ್ಟು. ರಿಜಿಸ್ಟರು ತೆರೆದು, “ಮೂವತ್ತೇ ಇದೆಯಲ್ಲ ಅಣ್ಣ,” ಎಂದಳು.

“ಮೂವತ್ತೊಂದಿದೆ ಮೇಡಂ. ಅದೊಂದು ದೀಪ ಹಾಗೇ ಬಿಡೋಕಾಗತ್ತಾ?”

“ರಿಜಿಸ್ಟರಲ್ಲೇ ಇಲ್ಲದ ಕಂಬಕ್ಕೆ ನಾನು ಹೇಗೆ ರಿಯಾಯಿತಿ ಕೊಡಲಿ? ಒಂದಕ್ಕೆ ಬಿಟ್ಟರೆ ನಾಳೆ ಐವತ್ತು ಜನ ಬರ್ತಾರೆ.” ಸ್ವಲ್ಪ ಯೋಚಿಸಿ, ಕಾಗದದಲ್ಲಿ ಎಣಿಸಿ ನೋಡಿದಳು. “ನಂಬರು ತಿದ್ದಿ. ಮೂವತ್ತೊಂದಾದರೂ ಉರಿಯೋದು ಹದಿನೈದೇ. ನನಗೇನೂ ತೊಂದರೆ ಇಲ್ಲ. ಆದ್ರೆ ತಪ್ಪು ಯಾರದು, ಯಾಕಾಯ್ತು, ಬರೆದುಕೊಡಬೇಕು.”

ಅವನು ಬೆಂಚಿನ ಮೇಲೆ ಕುಳಿತು ಬರೆದ. ‘ಅಜಾಗರೂಕತೆ’ ಎಂದು ಬರೆದು ಹೊಡೆದುಹಾಕಿದ. ಅಷ್ಟು ಜಾಗರೂಕನಾಗಿ ಅವನು ಜೀವಮಾನದಲ್ಲೇ ಏನನ್ನೂ ಬರೆದಿರಲಿಲ್ಲ. ಬಹಳ ಹೊತ್ತಿನ ನಂತರ ಕಾಗದ ತಂದುಕೊಟ್ಟ. ಎಂಜಿನಿಯರಮ್ಮ ಗಟ್ಟಿಯಾಗಿ ಓದತೊಡಗಿ, ನಡುವೆ ದನಿ ತಗ್ಗಿಸಿದಳು: “‘ಒಬ್ಬರಿಗೆ ಒಳ್ಳೆಯ ಏಳು ಬರೆದು ತೋರಿಸಬೇಕಾಗಿತ್ತು.’ ಇದನ್ನೇ ಫೈಲಿಗೆ ಹಾಕ್ಲಾ ಅಣ್ಣ?”

“ಹಾಕಿ ಮೇಡಂ. ನಿಜ ಅದೇ.”

ಅವಳು ಅವನನ್ನು ಒಮ್ಮೆ ನೋಡಿ, ಮೊಹರು ಒತ್ತಿದಳು.

ಹದಿನಾಲ್ಕು ಕಂಬ. ಈ ಸಲ ಅವನು ಕೆಳಗಿನ ತುದಿಯಿಂದ ಶುರುಮಾಡಿದ, ಯಾವ ನಂಬರೂ ಒಂದು ಗಳಿಗೆಗೂ ಎರಡಾಗದಿರಲೆಂದು. ಮೂವತ್ತು ಮೂವತ್ತೊಂದಾಯಿತು, ಇಪ್ಪತ್ತೊಂಬತ್ತು ಮೂವತ್ತಾಯಿತು. ಕತ್ತಲಿದ್ದವರಿಗೆ ಬೆಳಕು ಬಂತು, ಬೆಳಕಿದ್ದವರು ಸೊಂಟದ ಮೇಲೆ ಕೈಯಿಟ್ಟು ಹೊರಗೆ ಬಂದರು. ಬೇಕರಿಯವನಂತೂ ಏಣಿಯನ್ನೇ ಹಿಡಿದುಕೊಂಡ.

“ಅತ್ತೆಗೆ ಬೆಳಕು, ನಮ್ಮ ಬನ್ನಿಗೆ ಕತ್ತಲೆ! ಇದ್ಯಾವ ನ್ಯಾಯ?”

“ನಿಮ್ಮದು ಯಾವತ್ತೂ ಹತ್ತೊಂಬತ್ತೇ. ಇಷ್ಟು ವರ್ಷ ನಾನು ತಪ್ಪು ಹೇಳಿದ್ದೆ,” ಎಂದ ಕಂಬದಣ್ಣ. “ಬೈಯೋದಿದ್ರೆ ಬೈದುಬಿಡಿ. ಏಣಿ ಬಿಡಿ.”

ಬೇಕರಿಯವನು ಬೈದ. ಬೈದು ಮುಗಿಸಿ, ತನ್ನ ಅಂಗಡಿಯ ಮುಂದೆ ತಾನೇ ಒಂದು ಬಲ್ಬು ನೇತುಹಾಕುವುದಾಗಿ ಘೋಷಿಸಿ, ಸಂಜೆಯ ಟೀ ಕೊಡದೆ ಸೇಡು ತೀರಿಸಿಕೊಂಡ.

ಬಣ್ಣದ ಡಬ್ಬಿ ಹಿಡಿದು ಕಂಬದಣ್ಣ ಮೆಟ್ಟಿಲ ಬುಡಕ್ಕೆ ಬಂದಾಗ ಐದು ಗಂಟೆ. ಅತ್ತೆ ಬಾಗಿಲಲ್ಲಿದ್ದರು, ಚಪ್ಪಲಿ ಮೆಟ್ಟಿಕೊಂಡು. ಇಬ್ಬರೂ ಕಂಬವನ್ನು ನೋಡಿದರು.

“ನೀವು ಹೋಗಿ ಬನ್ನಿ ಅತ್ತೆ. ಬರೋವಾಗ ದೀಪ ಇರತ್ತೆ.”

ಅವರು ಒಂದೊಂದೇ ಮೆಟ್ಟಿಲು ಹತ್ತಿಹೋದರು, ತಿರುಗಿ ನೋಡದೆ.

ಅವನು ಮೊದಲು ಫ್ಯೂಸು ಹಾಕಿದ. ಆಮೇಲೆ ಟೈಲರನ ಹತ್ತಿರ ಹೋಗಿ ಸುಮ್ಮನೆ ಮಾತಾಡಿದ. ಬ್ರಷ್ಷು ತೊಳೆದ, ಇನ್ನೊಮ್ಮೆ ತೊಳೆದ. ಮುಂದೂಡಲು ಇನ್ನೇನೂ ಉಳಿಯದಾದಾಗ ಹಳದಿಯನ್ನು ಅದ್ದಿ ಏಳಿನ ಮೇಲೆ ಎಳೆದ. ಒಂದು ಸಲ ಬಳಿದದ್ದಕ್ಕೆ ಅದು ಮುಚ್ಚಲಿಲ್ಲ. ಮೂವತ್ತೊಂದು ವರ್ಷದ ಕಪ್ಪು ಹಳದಿಯ ಹಿಂದಿನಿಂದ ನೆಟ್ಟಗೆ, ಚೆಂದವಾಗಿ ನಿಂತು ನೋಡುತ್ತಿತ್ತು. ಅವನು ಆರುವವರೆಗೆ ಮೆಟ್ಟಿಲ ಮೇಲೆ ಕುಳಿತ. ಅವಳು ಕುಳಿತಿದ್ದ ಮೆಟ್ಟಿಲು ಮೂರನೆಯದೋ ನಾಲ್ಕನೆಯದೋ ಎಂದು ನೆನಪಿಸಿಕೊಳ್ಳಲು ಯತ್ನಿಸಿದ. ಆಗಲಿಲ್ಲ, ಅದಕ್ಕೇ ಅಳು ಬಂತು. ಎದ್ದು ಎರಡನೇ ಸಲ ಹಳದಿ ಬಳಿದ. ಈಗ ಬರೀ ಹಳದಿ, ಪಕ್ಕದಲ್ಲಿ ಒಂಟಿ ಒಂದು. ಅದು ಅಷ್ಟಿಷ್ಟು ಆರಿದ ಮೇಲೆ ಒಂದರ ಪಕ್ಕ ಎಂಟು ಬರೆದ.

ಆರೂವರೆಗೆ ದೀಪಗಳು ಹತ್ತಿಕೊಂಡವು. ಮೇಲಿನ ಹದಿನೇಳು ಕತ್ತಲಲ್ಲೇ ಉಳಿಯಿತು. ಕೆಳಗಿನಿಂದ ಬೆಳಕು ಮೆಟ್ಟಿಲ ಮೇಲೆ ಹತ್ತಿಹೋಗಿ, ಒಂಬತ್ತೂ ಅಂಚುಗಳನ್ನು ಎಣಿಸಬಹುದಾಗಿತ್ತು.

ಏಳಕ್ಕೆ ಅತ್ತೆ ಬಂದರು. ಮೇಲಿನ ಮೆಟ್ಟಿಲಲ್ಲಿ ಅರೆಗಳಿಗೆ ನಿಂತು, ಆಮೇಲೆ ಮೆಟ್ಟಿಲ ಪಕ್ಕದ ಕಂಬಿ ಹಿಡಿಯದೆ ಇಳಿಯತೊಡಗಿದರು. “ಆ ಮುದುಕಿ ನನ್ನ ಕೈ ಊದಿದೆ ಅಂತ ಎಲೆ ಎಣಿಸಲ್ಲ ಅಂದ್ಕೊಂಡಳು. ಎರಡು ಎಲೆ ತೊಡೆ ಕೆಳಗೆ! ಹಿಡಿದೆ ನೋಡಿ, ಎಲ್ಲರ ಮುಂದೆ!” ಎನ್ನುತ್ತ, ಏದುಸಿರು ಬಿಡುತ್ತ ಕೊನೆಯ ಮೆಟ್ಟಿಲಿಳಿದು, ಉಸಿರು ತಿರುಗಿಸಿಕೊಳ್ಳಲು ಎಡಗೈಯನ್ನು ಕಂಬಕ್ಕೆ ಊರಿದರು.

“ಅತ್ತೆ, ಹಸಿ ಬಣ್ಣ…”

ಅವರು ಕೈ ಎಳೆದುಕೊಂಡರು. ಅಂಗೈ ತುಂಬ ಹಳದಿ, ಹೆಬ್ಬೆರಳಿಗೆ ಕಪ್ಪು. ಕಂಬದ ಮೇಲೆ ಐದು ಬೆರಳೂ ಮೂಡಿ, ಎಂಟರ ಕೆಳಗಿನ ಸೊನ್ನೆ ಪಕ್ಕಕ್ಕೆ ಎಳೆದುಹೋಗಿತ್ತು.

“ಅಯ್ಯೋ, ಕೆಡಿಸಿಬಿಟ್ಟೆನಲ್ಲ. ತಿದ್ದಿಬಿಡಿ.”

ಕಂಬದಣ್ಣ ಬ್ರಷ್ಷು ಎತ್ತಿಕೊಂಡ. ಕಂಬದ ಮುಂದೆ ನಿಂತು, ಆ ಐದು ಬೆರಳನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬ್ರಷ್ಷನ್ನು ಸೀಮೆಎಣ್ಣೆಯ ಡಬ್ಬಿಯಲ್ಲಿ ಮುಳುಗಿಸಿಟ್ಟ.

“ಇನ್ನೊಂದು ದಿನ ತಿದ್ತೀನಿ,” ಎಂದ.

“ಅವಸರ ಏನಿಲ್ಲ,” ಎಂದರು ಅತ್ತೆ.

ಅವನು ಚಿಂದಿ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ದೀಪದ ಕೆಳಗೆ ಅವರ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಒರೆಸತೊಡಗಿದ.